ಎಷ್ಟು ಗಾಳ ಒಯ್ಯಬೇಕು

ಫೆಬ್ರುವರಿ 1, ಶನಿವಾರ. ಸಂಜೆ

ನಾಳೆ ರವಿವಾರ, ಮೀನು ಹಿಡಿಯಲು ಹೋಗುವ ದಿನ. ಅಂದರೆ ಇವತ್ತು ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಐದು ರಾಡು, ರೀಲು, ಮೀನಿಗೆ ಆಸೆ ತೋರಿಸಲು ಗಾಳಕ್ಕೆ ಸಿಕ್ಕಿಸುವ ರಬ್ಬರ್ ಕಪ್ಪೆಗಳು, ಸೀಸದ ಗುಂಡು, ಗಾಳದ ಡಬ್ಬಿ... ಮದುವೆ ಜವಳಿ ಹರವಿದಂತೆ ಹರವಿಕೊಂಡು ಕೂತಿದ್ದಾರೆ ಗಂಡ. ತೆಳ್ಳಗಿನ ರಾಡು ಬೇಕೋ, ದಪ್ಪಂದು ಬೇಕೋ. ಎರಡು ಸಾಕೋ, ಐದೂ ಬೇಕೋ. ನನಗೊಂದು ಸೀರೆ ಆರಿಸಲು ಇಷ್ಟು ಯೋಚನೆ ಮಾಡಿದ ಮನುಷ್ಯ ಅಲ್ಲ.

"ನೀಲಾ, ಎಷ್ಟ ಒಯ್ಯಲಿ?"

ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಮೊನ್ನೆ ವಾಟ್ಸಾಪಿನಲ್ಲಿ ಬಂದ ವಿಡಿಯೋ. ದಾಂಡೇಲಿ ಹತ್ತಿರ ಕಾಳಿ ದಂಡೆ, ನೀರು ಕುಡಿಯುತ್ತಿದ್ದ ನಾಯಿ, ಆಮೇಲೆ ನಾಯಿ ಇಲ್ಲ. ನೀರು ಅಲ್ಲಾಡಿದ್ದೂ ಅಷ್ಟರಲ್ಲೇ. ಮೊಸಳೆಯಂತೆ. ಇವರು ಹೋಗುವುದೂ ಅದೇ ನದಿಗೆ. ಬೇಡ ಅಂದರೆ ಕೇಳುವ ಜಾತಿಯಲ್ಲ. ಸಾಮಾನು ಕಡಿಮೆಯಾದರೆ ಬೇಗ ಬಂದಾರು ಅನ್ನಿಸಿತು.

"ಒಂದ ಸಾಕು. ಐದ ರಾಡ ಹಿಡಿಯಾಕ ನಿಮಗೇನ ರಾವಣನ ಕೈ ಅದಾವ?"

ನಕ್ಕರು. "ಆತ ತಗೋ, ನಿನ್ನ ಮಾತ ಮ್ಯಾಲಾಗ್ಲಿ." ಒಂದು ರಾಡು, ಎರಡು ಕಪ್ಪೆ. ಉಳಿದದ್ದೆಲ್ಲ ಅಟ್ಟಕ್ಕೆ. ಗೆದ್ದೆ.

ಫೆಬ್ರುವರಿ 2, ರವಿವಾರ

ಊಟದ ಹೊತ್ತಿಗೇ ಬಂದರು! ನನ್ನ ಲೆಕ್ಕ ಸರಿಯಾಯಿತು. ಪ್ಯಾಂಟು ಸೊಂಟದವರೆಗೆ ಒದ್ದೆ. ಕಾಲು ಜಾರಿತಂತೆ.

ಫೆಬ್ರುವರಿ 9, ರವಿವಾರ

ಇವತ್ತೂ ಒಂದೇ ರಾಡು. ಬೇಗ ಬಂದರು. ಇವತ್ತು ಅಂಗಿಯೂ ಒದ್ದೆ. ಮತ್ತೆ ಕಾಲು ಜಾರಿತಂತೆ. ಟೆಂಪೋ ಓಡಿಸುವ ಕಾಲು, ಬ್ರೇಕ್ ಮೇಲೆ ಒಂದು ದಿನ ಜಾರಿಲ್ಲ... ನದಿಯಲ್ಲಿ ಮಾತ್ರ ಜಾರುತ್ತದೆಯೆ?

ಕೇಳಿದರೆ ಮೀನು ಹುರಿ ಅಂದರು.

ಫೆಬ್ರುವರಿ 13, ಗುರುವಾರ

ಇವರ ಜೊತೆ ಮೀನಿಗೆ ಹೋಗುವ ಪಾಂಡಪ್ಪ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ, ಬ್ಯಾಗಿನ ಜಿಪ್ ಹಾಕಿಸಲು. ನಾನು ಮಷಿನ್ ತುಳಿಯುತ್ತಿದ್ದೆ, ಅವನು ಬಾಯಿ ತೆರೆದ.

"ನಿಮ್ಮವಗ ಗುಂಡಗಿ ಭಾಳ ಐತ್ರಿ ವೈನಿ. ಗಾಳ ಕಲ್ಲಿಗೆ ಸಿಕ್ಕೊಂತಂದ್ರ ಎದಿಮಟ ನೀರಾಗ ಇಳದ ಬಿಡಿಸಿಕೊಂಡ ಬರ್ತಾನ. ನಾ ಆದ್ರ ದಾರ ಕಡದ ಸುಮ್ಮ ಆಗತೇನಿ."

"ಮೊಸಳಿ ಇಲ್ಲೇನ ಅಲ್ಲಿ?"

"ಐತಲ್ರಿ. ಆಚಿ ದಂಡ್ಯಾಗ ಬಂಡಿಗಲ್ಲ ಮ್ಯಾಲ ಬಿಸಲ ಕಾಸ್ಕೊಂತ ಬಿದ್ದಿರತೈತಿ. ನಮ್ಮ ಸುದ್ದಿಗೇನ ಬರೂದಿಲ್ಲ."

ಜಿಪ್ ತಿರುಗಮುರುಗ ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ.

ಇರುವುದೇ ಎರಡು ಕಪ್ಪೆ. ಒಂದು ಸಿಕ್ಕಿಕೊಂಡರೆ ಬಿಟ್ಟು ಬರುವ ಹಾಗಿಲ್ಲ, ಅದಕ್ಕೇ ಇಳಿಯುತ್ತಾರೆ. ಕಡಿಮೆ ಒಯ್ಯಿರಿ ಅಂದವಳು ಯಾರು? ನಾನೇ. ಅಯ್ಯೋ ದೇವರೇ, ನನ್ನ ಕೈಯಾರೆ ನೀರಿಗೆ ಇಳಿಸಿದೆನಲ್ಲ.

ಫೆಬ್ರುವರಿ 14

ಜಗಳ. "ಎಮ್ಮಿ ಬಾಲ ಹಿಡದ ಈಜ ಕಲತಾಂವ ನಾ. ನನಗ ನೀರಿನ ಅಂಜಿಕಿ ಹಚ್ಚತೀಯೇನ?" ನೀರಿನದಲ್ಲ ಮಾರಾಯರೆ, ನೀರಿನೊಳಗೆ ಇರುವುದರದು. ಅನ್ನ ಬಿಟ್ಟು ಎದ್ದು ಹೋದರು.

ಫೆಬ್ರುವರಿ 15, ಶನಿವಾರ

ನಾನೇ ಅಟ್ಟ ಹತ್ತಿ ಐದೂ ರಾಡು ಇಳಿಸಿದೆ. ಪೇಟೆಗೆ ಹೋಗಿ ಡಬ್ಬಿ ತುಂಬ ಗಾಳ, ಚೀಲದ ತುಂಬ ಕಪ್ಪೆ ತಂದೆ. ಒಂದು ಹೋದರೆ ಇನ್ನೊಂದು. ಇನ್ನು ಒಂದು ಗಾಳಕ್ಕಾಗಿ ಯಾರೂ ನೀರಿಗೆ ಇಳಿಯಬೇಕಾಗಿಲ್ಲ.

ಇವರು ಬಾಯಿ ಬಿಟ್ಟು ನೋಡಿದರು. "ಏನವಾ, ಹುಚ್ಚ ಹಿಡೀತೇನ ನಿನಗ?"

"ನಾಳಿ ನಾನೂ ಬರ್ತೇನಿ," ಅಂದೆ.

ಎಷ್ಟು ಖುಷಿಯಾಯಿತು ಅವರಿಗೆ! ಮುಖ ನೋಡಿ ಪಾಪ ಅನ್ನಿಸಿತು.

ಫೆಬ್ರುವರಿ 16, ರವಿವಾರ. ಕಾಳಿ ದಂಡೆ

ಮಾತಾಡಬೇಡ, ಮೀನು ಓಡುತ್ತವೆ ಅಂದಿದ್ದಾರೆ. ಅದಕ್ಕೆ ಇದನ್ನು ಬರೆಯುತ್ತ ಕೂತಿದ್ದೇನೆ. ಪಾಂಡಪ್ಪ ಮದುವೆಗೆ ಹೋಗಿದ್ದಾನೆ. ನಾವಿಬ್ಬರೇ. ಐದು ರಾಡೂ ಕವೆಕೋಲಿನ ಮೇಲೆ ನಿಂತಿವೆ.

ಆಚೆ ದಂಡೆಯ ಬಂಡೆ ಮೇಲೆ ಅದು ಇದೆ. ನಿಜವಾಗಿ ಇದೆ. ಬಾಯಿ ತೆರೆದುಕೊಂಡು ಬಿದ್ದಿದೆ, ಅಲುಗಾಡುತ್ತಿಲ್ಲ.

"ಅದು ಕಾಣಾಕತ್ತೇತಿ ಅಂದ್ರ ಅಂಜಿಕಿಲ್ಲ," ಅಂದರು ಮೆಲ್ಲಗೆ. "ನೀ ಬಂಡಿ ಮ್ಯಾಲ ಕಣ್ಣಿಡು. ಅದು ಎದ್ದರ ಕೂಗು."

— ಒಂದು ಗಾಳ ಸಿಕ್ಕಿಕೊಂಡಿತು. ಕತ್ತರಿ ಕೊಟ್ಟೆ, ಅಂಗಡಿಯಿಂದಲೇ ತಂದಿದ್ದೆ. "ಕತ್ತರಿಸಿ ಒಗೀರಿ. ಡಬ್ಬಿ ತುಂಬ ಅದಾವ."

ಮುಟ್ಟಲಿಲ್ಲ. "ನೀರಾಗ ಗಾಳ ಬಿಟ್ಟ ಬರಬಾರದ ನೀಲಾ. ಸಂಜಿಕಿ ಎಮ್ಮಿ ನೀರಿಗಿ ಬರ್ತಾವ. ನಮ್ಮದೊಂದ ಎಮ್ಮಿ ಇತ್ತು, ನಾಲಿಗ್ಯಾಗ ಗಾಳ ಸಿಕ್ಕಿತ್ತು. ಹುಲ್ಲ ಮುಂದಿತ್ತು, ತಿನ್ನಾಕ ಬರಲಿಲ್ಲ. ಹಂಗ ಸತ್ತಹೋತು. ನಮ್ಮವ್ವ ನನ್ನ ಕೈಲೆ ಆಣಿ ಮಾಡಿಸ್ಯಾಳ."

ಪ್ಯಾಂಟು ಮಡಚಿದರು. ಇಳಿದರು. ಬಂದರು, ನಗುತ್ತ, ಗಾಳ ಬೆರಳಲ್ಲಿ ಹಿಡಿದು. ನನಗೆ ಉಸಿರು ಬಂತು.

ಆಮೇಲೆ ಹೊಳೆಯಿತು. ಇವರು ಕಪ್ಪೆ ಕಡಿಮೆಯೆಂದು ಇಳಿಯುತ್ತಿರಲಿಲ್ಲ. ಎಷ್ಟು ಗಾಳ ಹಾಕಿದರೆ ಅಷ್ಟು ಸಲ ಇಳಿಯುತ್ತಾರೆ. ನಾನು ಐದು ಹಾಕಿಸಿದ್ದೇನೆ. ಒಂದೇ ರಾಡು ಇದ್ದದ್ದೇ ಪುಣ್ಯವಾಗಿತ್ತು.

"ಸಾಕ್ರಿ, ಹೋಗೂಣು. ತಲಿ ಸುತ್ತಾಕತ್ತೇತಿ." ಅವರು ಬುತ್ತಿ ಬಿಚ್ಚಿದರು, ಹಸಿವು ಇರಬೇಕು ಅಂದರು.

ಅವರು ರೊಟ್ಟಿ ತಿನ್ನುವಾಗ ನಾನೇ ಒಂದೊಂದಾಗಿ ಸುತ್ತಿಬಿಡೋಣ ಎಂದು ಎದ್ದೆ. ರೀಲು ತಿರುಗಿಸಲು ನನಗೇನು ಗೊತ್ತು, ಬಾಬಿನ್ ಸುತ್ತುವ ಹಾಗೆ ಸುತ್ತಿದೆ. ಮೊದಲನೆಯದು ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಎಳೆದೆ. ಇನ್ನೂ ಗಟ್ಟಿಯಾಯಿತು.

"ಏ, ಎಳೀಬ್ಯಾಡ! ಕಲ್ಲಿನ ಸಂದ್ಯಾಗ ಹೋಗೇತಿ ಅದು." ಸಿಟ್ಟಿಲ್ಲ ಅವರಿಗೆ. ಕೈ ತೊಳೆದರು. "ಇರ್ಲಿ ಬಿಡು, ತರ್ತೇನಿ."

ಕಾಲು ಹಿಡಿದುಕೊಂಡೆ. ನಿಜವಾಗಿಯೂ ಹಿಡಿದುಕೊಂಡೆ. "ಎಮ್ಮಿ ಸತ್ತರ ಸಾಯಲಿ, ನೀವ ಹೋಗಬ್ಯಾಡ್ರಿ," ಅಂದೆ. ನನ್ನ ತಲೆ ಸವರಿದರು. ಕೈ ಬಿಡಿಸಿಕೊಂಡರು.

ಈಗ ಇಳಿದಿದ್ದಾರೆ. ಮೊದಲಿನದಕ್ಕಿಂತ ದೂರ. ನೀರು ಎದೆಗೆ ಬಂತು. ನೋಡಲಾರೆ. ತಲೆ ತಗ್ಗಿಸಿ ಇದನ್ನು ಗೀಚುತ್ತಿದ್ದೇನೆ, ಬಂದ ಮೇಲೆ ನೋಡುತ್ತೇನೆ. ದೇವರೇ, ದೇವರೇ, ಇದೊಂದು ಸಲ ಕರೆದುಕೊಂಡು ಬಾ. "ಸಿಗ್ತು!" ಎಂದು ಕೂಗಿದರು. ಸಿಕ್ಕಿತಂತೆ. ಬರುತ್ತಾರೆ ಇನ್ನು. ಬಂಡೆ ಮೇಲೆ ಕಣ್ಣಿಡು ಅಂದಿದ್ದರು, ನಾನು ಯಾವಾಗ ನೋಡಿದ್ದು... ರಾಡು ಸುತ್ತಲು ಎದ್ದಾಗಿನಿಂದ ನೋಡಿಲ್ಲ

ಬಂಡೆ ಖಾಲಿ

ರೀ