ಕೆಮ್ಮದವರ ಆರೋಗ್ಯ ವರದಿ

ಜಿಲ್ಲೆಯ ವ್ಯಸನಮುಕ್ತಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ತಮ್ಮ ಪ್ರೇಮನಾಥನನ್ನು ಠಾಣೆ ನಗರದ ನಿಮ್ಮ ಕೇಂದ್ರ ಆರು ವಾರಗಳಲ್ಲಿ ಮೂರು ಸಲ ಬಾಗಿಲಿನಿಂದಲೇ ವಾಪಸು ಕಳಿಸಿದೆ. ಕಾರಣ, ಅವನು ಕೆಮ್ಮುತ್ತಾನೆ. ಇದೇ ಆರು ವಾರಗಳಲ್ಲಿ ನೀವು, ಹೆರಾಯಿನ್ ಚಟ ಬಿಡಲು ಬಂದವರ ಆರೋಗ್ಯ ಮತ್ತು ಹಿನ್ನೆಲೆಯ ಕುರಿತು ಚೆಂದದ ವರದಿಯೊಂದನ್ನು ಹೊರತಂದಿದ್ದೀರಿ. ಅದರ ಪ್ರಕಾರ ನಿಮ್ಮಲ್ಲಿ ದಾಖಲಾದವರಲ್ಲಿ ಕ್ಷಯರೋಗಿಗಳು ಇಲ್ಲವೆನ್ನುವಷ್ಟು ಕಡಿಮೆ. ಅಭಿನಂದನೆಗಳು. ಕೆಮ್ಮುವವರನ್ನೆಲ್ಲ ಗೇಟಿನಲ್ಲೇ ತಡೆದರೆ ಒಳಗಿದ್ದವರ ಶ್ವಾಸಕೋಶ ಚೊಕ್ಕವಾಗಿರದೆ ಇನ್ನೇನಾದೀತು?

ಹಿನ್ನೆಲೆ ಎಂದಿರಲ್ಲ, ಅದನ್ನೂ ಹೇಳುತ್ತೇನೆ. ಪ್ರೇಮನಾಥ ಕಲ್ಯಾಣದ ಹೋಟೆಲೊಂದರಲ್ಲಿ ಹದಿನಾಲ್ಕು ವರ್ಷ ದೋಸೆ ಎರೆದವನು. ನಿಂತು ನಿಂತು ಬೆನ್ನು ಹಿಡಿದಾಗ ಜೊತೆಯವನೊಬ್ಬ ನೋವಿಗೆ ಒಳ್ಳೆಯದೆಂದು ಬ್ರೌನ್ ಶುಗರ್ ಎಂಬ ಹೆರಾಯಿನ್ ಪುಡಿ ಸೇದಿಸಿದ. ಈಗ ಒಂದು ದಿನ ತಪ್ಪಿದರೆ ವಾಂತಿ, ನಡುಕ. ನಿಮ್ಮ ವರದಿಯಲ್ಲಿ ಇಂಥವರೆಲ್ಲ "ನಿರುದ್ಯೋಗಿಗಳು, ಕುಟುಂಬದ ನಿರ್ಲಕ್ಷ್ಯಕ್ಕೆ ಒಳಗಾದವರು". ಕಳೆದ ತಿಂಗಳವರೆಗೂ ದಿನಕ್ಕೆ ಹನ್ನೆರಡು ಗಂಟೆ ಕಾವಲಿಯ ಮುಂದೆ ನಿಂತವನು ನಿರುದ್ಯೋಗಿಯೆ? ಡೊಂಬಿವಲಿಯಿಂದ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಅವನ ರಟ್ಟೆ ಹಿಡಿದುಕೊಂಡು ಬಂದ ನಾನು ಯಾವ ಸೀಮೆಯ ನಿರ್ಲಕ್ಷ್ಯ?

ಮೊದಲ ದಿನ ಸಾಲಿನಲ್ಲಿ ನಮ್ಮ ಮುಂದೆ, ಅಳಿಯನನ್ನು ಕರೆತಂದಿದ್ದ ಮುಂಡಪ್ಪ ಎಂಬ ಹಿರಿಯರಿದ್ದರು, ನಮ್ಮ ಉಡುಪಿ ಕಡೆಯವರೇ. ತಮ್ಮನ ಕೆಮ್ಮು ಕೇಳಿ ಅವನ ಕೈಗೊಂದು ಲವಂಗ ಇಟ್ಟರು.

"ಇದನ್ನು ದವಡೆಯಲ್ಲಿ ಇಟ್ಕೊ. ಫಾರ್ಮಿನಲ್ಲಿ ಕೆಮ್ಮು ಉಂಟೂಂತ ಮಾತ್ರ ಬರೀಬೇಡಿ ಮಾರಾಯ್ರೆ, ಒಳಗೆ ಬಿಡುದಿಲ್ಲ."

"ಅಕ್ಕಾ, ಅವ್ರು ಹೇಳುದು ಸರಿ, ಬರೀಬೇಡ," ಎಂದ ತಮ್ಮ.

ನಾನು ಶಾಲೆಯ ಕಚೇರಿಯಲ್ಲಿ ಇಪ್ಪತ್ತು ವರ್ಷ ಜನರ ಅರ್ಜಿ ತಿದ್ದಿದವಳು. ಸರಕಾರಿ ಕಾಗದದಲ್ಲಿ ಸುಳ್ಳು ಬರೆಯುವುದುಂಟೆ? "ಕೆಮ್ಮು: ಎರಡು ತಿಂಗಳಿನಿಂದ" ಎಂದು ದುಂಡಗೆ ಬರೆದೆ. ನಿಮ್ಮ ಗುಮಾಸ್ತರು ಅದನ್ನು ಓದಿ, ಫಾರ್ಮು ಹರಿದು, "ಆಧೀ ಟಿಬಿ ಬರಾ ಕರೂನ್ ಯಾ" ಎಂದರು. ಮೊದಲು ಕ್ಷಯ ವಾಸಿಮಾಡಿಕೊಂಡು ಬರಬೇಕಂತೆ. ಕ್ಷಯದ ದವಾಖಾನೆಗೆ ಹೋದೆವು. ಅವರು ಕಫ ಪರೀಕ್ಷಿಸಿ, ರೋಗ ಇದೆ ಎಂದು ಖಚಿತಪಡಿಸಿ, ನಶೆ ಮಾಡುವವನು ಮಾತ್ರೆ ಅರ್ಧಕ್ಕೇ ಬಿಡುತ್ತಾನೆ, "ಪೆಹಲೇ ನಶಾ ಛುಡಾವೋ", ಮೊದಲು ಚಟ ಬಿಡಿಸಿ, ಎಂದು ಮತ್ತೆ ನಿಮ್ಮ ಕಡೆಗೇ ಅಟ್ಟಿದರು. ಹಾಗೆ ಇನ್ನೂ ಎರಡು ಸಲ ಬಂದೆವು, ಎರಡು ಸಲವೂ ನಿಮ್ಮ ಗುಮಾಸ್ತರು ಫಾರ್ಮು ಹರಿದರು. ಹರಿದ ಫಾರ್ಮು ಯಾವ ಎಣಿಕೆಗೂ ಬರುವುದಿಲ್ಲ, ಅಲ್ಲವೆ?

ನನ್ನ ಕೈಬರಹವೇ ತಮ್ಮನ ದಾರಿಗೆ ಅಡ್ಡ ಬಂತು. ನನಗೆ ನನ್ನ ಮೇಲೆ ಸಿಟ್ಟಿದೆ, ನಿಮ್ಮ ಮೇಲೆ ಅದಕ್ಕಿಂತ ಹೆಚ್ಚು. ನಿಜ ಹೇಳಿದವನು ಹೊರಗೆ, ಕೆಮ್ಮು ನುಂಗಿಕೊಂಡವನು ಒಳಗೆ. ಹಾಗೆ ಒಳಹೊಕ್ಕವನು ಪಕ್ಕದ ಹಾಸಿಗೆಯವನಿಗೂ ರೋಗ ಹಂಚುತ್ತಾನೆಂಬುದು ಅಷ್ಟು ಓದಿದ ನಿಮಗೆ ಹೊಳೆಯಲೇ ಇಲ್ಲವೆ?

ಪ್ರೇಮನಾಥನ ತೂಕ ಈಗ ನಲವತ್ತೊಂದು ಕಿಲೋ. ನಿನ್ನೆಯಿಂದ ಕಫದಲ್ಲಿ ರಕ್ತ ಬೀಳುತ್ತಿದೆ. ನನಗೆ ಹೆದರಿಕೆಯಾಗಿದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಮತ್ತೆ ಕರೆತರುತ್ತೇನೆ. ಎರಡೂ ಔಷಧಿಗಳನ್ನು ಅದೇ ದಿನ, ಒಂದೇ ಕಡೆ ಶುರುಮಾಡಿಸಿ. ಆಗುವುದಿಲ್ಲವಾದರೆ, ನನ್ನ ತಮ್ಮ ಯಾವ ರೋಗದಿಂದ ಸಾಯಬೇಕೆಂಬುದನ್ನು ಲಿಖಿತವಾಗಿ ಕೊಡಿ, ಸಹಿ ಮತ್ತು ಮೊಹರಿನೊಂದಿಗೆ.

ಇಂತಿ,
ನಿಮ್ಮ ವರದಿಗೆ ಸೇರದ ರೋಗಿಯ ಅಕ್ಕ,
ಸ್ವರ್ಣಲತಾ
ಡೊಂಬಿವಲಿ, ಆಗಸ್ಟ್ 2014