ಹಸಿರು ಪಟ್ಟೆ ಮುಗಿದಲ್ಲಿ ನಿಂತ ಮಗಳು

ರಸ್ತೆಗೆ ಬಣ್ಣ ಬಳಿಯುವ ಕಡತಕ್ಕೆ ಸಹಿ ಹಾಕಿದ ಮಾನ್ಯರೇ,

ಬಸವನಗುಡಿಯ ನಮ್ಮ ರಸ್ತೆಯಲ್ಲಿ ನೀವು ಹಾಕಿಸಿರುವ ಹಸಿರು ಸೈಕಲ್ ಪಟ್ಟೆ ವೃತ್ತದೊಳಕ್ಕೆ ನಾಲ್ಕು ಅಡಿ ಬಂದು ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ನನ್ನ ಹತ್ತು ವರ್ಷದ ಮಗಳು ಆರಾಧನಾ ಸರಿಯಾಗಿ ಅದೇ ಜಾಗದಲ್ಲಿ ಸೈಕಲ್ ನಿಲ್ಲಿಸಿದಳು. ಹಿಂದಿನಿಂದ ಬಸ್ಸು ತಿರುಗುತ್ತಿತ್ತು.

ಅವಳೇಕೆ ನಿಂತಳು ಎಂದು ನೀವು ಕೇಳಬಹುದು. ನಾನೇ ಹೇಳಿಕೊಟ್ಟಿದ್ದೆ. ಪ್ರತಿ ಭಾನುವಾರ ನಾನು, ನನ್ನ ಗಂಡ ರಾಘವ, ಆರಾಧನಾ ಮೂವರೂ ಚಾಮರಾಜಪೇಟೆಯ ನಮ್ಮ ದೊಡ್ಡಮ್ಮನ ಮನೆಗೆ ತಿಂಡಿಗೆ ಸೈಕಲ್ಲಿನಲ್ಲಿ ಹೋಗುತ್ತೇವೆ. ಮೊದಲು ಕಾರಿನಲ್ಲಿ ಹೋಗುತ್ತಿದ್ದಾಗ ಯಾರೂ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಈಗ ಯಾವ ಗೇಟಿನ ನಾಯಿ ಬೊಗಳುತ್ತದೆ, ಯಾವ ಕಾಂಪೌಂಡಿನ ಸಂಪಿಗೆ ಹೂ ಬಿಟ್ಟಿದೆ, ಎಲ್ಲವೂ ಮಗಳಿಗೆ ಗೊತ್ತು. ನಿಮ್ಮ ಪಟ್ಟೆ ಬಂದಾಗ ನನಗಾದ ಸಂತೋಷಕ್ಕೆ ಒಂದು ನಿಯಮವನ್ನೇ ಮಾಡಿಬಿಟ್ಟೆ. "ಏನೇ ಆದ್ರೂ ಹಸಿರು ಬಿಟ್ಟು ಆಚೆ ಬರ್ಬೇಡ ಪುಟ್ಟಿ." ಹೊರಡುವ ಮುಂಚೆ ಗೇಟಿನ ಬಳಿ ಅವಳ ಬಾಯಿಂದ ಅದನ್ನು ಒಮ್ಮೆ ಹೇಳಿಸುತ್ತಿದ್ದೆ.

ಬೇರೆ ಭಾನುವಾರಗಳಲ್ಲಿ ವೃತ್ತ ಬಂದಾಗ ಅವಳು ಅಪ್ಪನ ಬೆನ್ನಿಗೇ ದಾಟಿಬಿಡುತ್ತಿದ್ದಳು; ಅಂದು ರಾಘವ ಮುಂದೆ ದಾಟಿಯಾಗಿತ್ತು. ನಾನು ಹತ್ತು ಅಡಿ ಹಿಂದಿದ್ದೆ. ನಾನು ಸೈಕಲ್ ಇಳಿಯುವಷ್ಟರಲ್ಲಿ, ಮೂಲೆಯಲ್ಲಿ ತರಕಾರಿ ಮಾರುವ ದೊಡ್ಡಮುನಿಯಮ್ಮ ಗಾಡಿ ಬಿಟ್ಟು ಓಡಿ ಬಂದು, ಸೈಕಲ್ಲಿನ ಕ್ಯಾರಿಯರ್ ಹಿಡಿದು ಮಗುವನ್ನು ಹಿಂದಕ್ಕೆಳೆದರು. ಬಸ್ಸು ನಿಲ್ಲದೆ ಹೋಯಿತು.

"ಏ ಪಾಪು, ರೋಡ್ ಮಧ್ಯ ಯಾರಿಗ್ ಕಾಯ್ತಿದ್ದೆ?"

"ಹಸಿರು ಖಾಲಿ ಆಯ್ತು ಅಜ್ಜಿ. ಆಚೆ ಬರ್ಬಾರ್ದು ಅಂತ ಅಮ್ಮ ಹೇಳಿದಾಳೆ."

ಅವರು ನನ್ನ ಕಡೆ ತಿರುಗಿದರು. "ಬಣ್ಣ ನೋಡ್ಬೇಡ, ಬರೋ ಗಾಡಿ ನೋಡು ಅಂತ ಹೇಳ್ಕೊಡ್ರಮ್ಮ. ಓದಿರೋರು ನೀವು!"

ಅವರು ಹೇಳಿದ್ದು ಸರಿ. ತಪ್ಪು ನನ್ನದೇ ಇರಬಹುದೇ ಎಂದು ವಾರವಿಡೀ ಯೋಚಿಸಿದ್ದೇನೆ. ಹೌದು, ಸ್ವಲ್ಪ ನನ್ನದೂ ಇದೆ. ಆದರೆ ಹೇಳಿದ ಮಾತು ಕೇಳುವ ಮಗುವೇ ಮೊದಲು ಅಪಾಯಕ್ಕೆ ಸಿಕ್ಕುವಂತೆ ರಸ್ತೆ ಮಾಡಿದವರು ಯಾರು? ವೃತ್ತದ ಆಚೆ, ಇನ್ನೂರು ಅಡಿ ದೂರದಲ್ಲಿ, ಪಟ್ಟೆ ಮತ್ತೆ ಶುರುವಾಗುತ್ತದೆ. ನಡುವಿನ ಇನ್ನೂರು ಅಡಿಯನ್ನು ನಾವು ಹಾರಿ ದಾಟಬೇಕೆಂದು ನಕ್ಷೆಯಲ್ಲಿ ಬರೆದಿದೆಯೇ? ಸೋಮವಾರ ನಿಮ್ಮ ಕಚೇರಿಗೆ ಫೋನು ಮಾಡಿದೆ. "ಮೇಡಂ, ಎಷ್ಟು ಉದ್ದ ಹೇಳಿದ್ರೋ ಅಷ್ಟು ಹಾಕಿದೀವಿ. ಸರ್ಕಲ್ ನಮ್ಗೆ ಬರಲ್ಲ, ಅದು ಬೇರೆಯವರ್ದು" ಎಂದರು. ವೃತ್ತ ಬೇರೆಯವರದು, ಸರಿ. ಅದರ ನಡುವೆ ನಿಂತ ಮಗು ಯಾರದು?

ಇನ್ನೊಂದು ಹೆದರಿಕೆಯನ್ನೂ ಹೇಳಿಬಿಡುತ್ತೇನೆ. ದೊಡ್ಡಮುನಿಯಮ್ಮನ ಗಾಡಿಯ ಒಂದು ಚಕ್ರ ನಿಮ್ಮ ಪಟ್ಟೆಯ ಮೇಲಿರುತ್ತದೆ. ಹೋದ ತಿಂಗಳು ನಿಮಗೆ ದೂರು ಕೊಡಲೆಂದು ನಾನೇ ಅದರ ಫೋಟೋ ತೆಗೆದಿದ್ದೆ. ಕಳಿಸಲಿಲ್ಲ. ಕಳಿಸಿದ್ದರೆ ಆ ಭಾನುವಾರ ಮೂಲೆಯಲ್ಲಿ ಯಾರಿರುತ್ತಿದ್ದರು? ಈ ಪತ್ರ ಓದಿ ನೀವು ಮಾಡುವ ಮೊದಲ ಕೆಲಸ ಆ ಗಾಡಿ ಎತ್ತಿಸುವುದೇ ಆದರೆ, ನಾನು ಬರೆಯದಿದ್ದರೇ ಚೆನ್ನಾಗಿತ್ತು.

ನಿನ್ನೆ ಮಗಳು "ನಾಳೆ ಹೋಗ್ತೀವಲ್ಲಮ್ಮಾ?" ಎಂದು ಕೇಳಿದಳು. ಮಳೆ ಬರಬಹುದು ಎಂದೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಅವಳು ಒಮ್ಮೆ ಕಿಟಕಿಯತ್ತ ನೋಡಿದಳು. ಇವತ್ತು ನಾವು ಹೋಗಲಿಲ್ಲ.

ನಾನು ಊರಿಗೆಲ್ಲ ಸೈಕಲ್ ದಾರಿ ಕೇಳುತ್ತಿಲ್ಲ. ಆ ಎರಡು ತುದಿಗಳನ್ನು ಸೇರಿಸಿ. ಮಕ್ಕಳು ದಾಟುವಷ್ಟು ಹೊತ್ತು ಬಸ್ಸುಗಳನ್ನು ತಡೆಯುವ ಸಿಗ್ನಲ್ ಹಾಕಿಸಿ. ಆ ವೃತ್ತ ಯಾರದೋ, ಅವರನ್ನು ಕರೆಸಿ ಮಾತಾಡಿ. ಇಷ್ಟೂ ಆಗದಿದ್ದರೆ ದಯವಿಟ್ಟು ವೃತ್ತದೊಳಗಿನ ನಾಲ್ಕು ಅಡಿ ಬಣ್ಣವನ್ನು ನಾಳೆಯೇ ಅಳಿಸಿಬಿಡಿ. ಈ ಊರಿನಲ್ಲಿ ಅದನ್ನು ನಂಬುವ ಮಕ್ಕಳು ಇನ್ನೂ ಇದ್ದಾರೆ.

ಇಂತಿ,
ಮೂರು ಸೈಕಲ್ಲುಗಳ ಬೀಗದ ಕೈಯನ್ನು ಪರ್ಸಿನಲ್ಲಿ ಬಚ್ಚಿಟ್ಟುಕೊಂಡಿರುವ
ಸಂಧ್ಯಾ, ಬಸವನಗುಡಿ