ರಂಗೂಬಾಯಿಯ ಎದೆಯುರಿ ಮತ್ತು ತಮ್ಮ ದವಾಖಾನೆಯ ಬಾಟಲಿ

ಪುಣೆ, ೧೯೩೭

ನಮ್ಮ ಪೇಠೆಯ ಧರ್ಮಾರ್ಥ ದವಾಖಾನೆಯ ಮುಖ್ಯ ವೈದ್ಯರಾದ ಮಾನ್ಯರೇ,

ನನ್ನ ಹೆಂಡತಿ ರಂಗೂಬಾಯಿಯ ಎದೆಯುರಿಗೆ ತಾವು ನಾಲ್ಕು ವರ್ಷ ಔಷಧ ಕೊಟ್ಟಿರಿ. ಆಕೆಯನ್ನು ಒಂದು ಸಲವೂ ನೋಡಲಿಲ್ಲ. ಕಳೆದ ಶ್ರಾವಣದಲ್ಲಿ ಆಕೆ ರಕ್ತ ಕಾರಿ ತೀರಿಕೊಂಡಳು. ಹೇಳಬೇಕಾದದ್ದು ಇಷ್ಟೇ. ಉಳಿದದ್ದನ್ನು ಇಲ್ಲಿಯ ಮತ್ತು ಧಾರವಾಡದ ಕಡೆಯ ನನ್ನ ಬಂಧುಗಳೂ ಓದಲಿ ಎಂದು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಮ್ಮಲ್ಲಿಯ ಪದ್ಧತಿ ತಮಗೆ ತಿಳಿಯದ್ದಲ್ಲ. ಮೊದಲ ಸಲ ನಾನೇ ಬಂದು, "ಮನಿಯಾಕಿಗೆ ಊಟಾದ ಮ್ಯಾಲೆ ಎದಿ ಉರೀತದ್ರಿ" ಎಂದೆ. ಗಂಡಸು ಡಾಕ್ಟರರ ಮುಂದೆ ಹೆಂಗಸರು ಕುಳಿತುಕೊಳ್ಳದಿರುವುದು ನಮ್ಮ ಮನೆಯ ರೀತಿ. ಕರೆದುಕೊಂಡು ಬಾ ಎಂದು ತಾವೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಸೋಡಾ ಬೆರೆಸಿದ ಬಿಳಿ ಔಷಧ ಬರೆದುಕೊಟ್ಟಿರಿ. ಆಮೇಲೆ ಪ್ರತಿ ಸೋಮವಾರ ನಾನು ತೊಳೆದ ಬಾಟಲಿಯನ್ನು ಕಿಟಕಿಯಲ್ಲಿ ಇಡುವುದು, ಬೆಳಗಾವಿ ಕಡೆಯ ತಮ್ಮ ಕಂಪೌಂಡರರು, "ಹಳೇದಽ ಏನ್ರಿ ಕಾಕಾ? ತರ್ರಿ ಇತ್ತ" ಎಂದು ತುಂಬಿಸಿಕೊಡುವುದು. ಒಮ್ಮೆ ನಾನು, "ಈಗೀಗ ದಿನಾ ಮೂರು ಸಲ ಬೇಕಾಗ್ತದ್ರಿ" ಎಂದಾಗ ಅವರು ನಕ್ಕು, "ಹಂಗಾರ ದೊಡ್ಡ ಬಾಟ್ಲಿ ತರ್ರಿ" ಎಂದರು. ದೊಡ್ಡದನ್ನೇ ತಂದೆ. ಹೀಗೆ ನಾಲ್ಕು ವರ್ಷ ತಮ್ಮ ದವಾಖಾನೆ ಒಂದು ಬಾಟಲಿಯನ್ನು ಕ್ರಮ ತಪ್ಪದೆ ಪರೀಕ್ಷಿಸಿತು. ಬಾಟಲಿ ಈಗಲೂ ಆರೋಗ್ಯವಾಗಿದೆ.

ನನ್ನ ತಪ್ಪನ್ನೂ ಬರೆಯುತ್ತೇನೆ. ಆಕೆ ಹೋಗುವ ಎರಡು ತಿಂಗಳ ಮುಂಚೆ, ಜ್ಯೇಷ್ಠದಲ್ಲಿ, ಸೊಸೆ ಇಂದೂ ಅಂಜುತ್ತ, "ಮಾಮಾ, ಅತ್ತಿಯವರಿಗೆ ಹೊರಕಡಿಗೆ ಹೋದ್ರ ಡಾಂಬರಿನಂಗ ಕರ್ರಗ ಆಗ್ಲಿಕ್ಕತ್ತದಂತ" ಎಂದಳು. ಒಳಗಿನಿಂದ ರಂಗೂಬಾಯಿಯೇ ಕೂಗಿದಳು: "ಗುರೆಳ್ಳು ಚಟ್ನಿ ತಿಂದರ ಬೆಳ್ಳಗ ಆಗ್ತದೇನಽ? ಸುಮ್ನಿರು, ಹುಚ್ಚಿ!" ಎಲ್ಲರೂ ನಕ್ಕೆವು. ತಂಗಿ ಧಾರವಾಡದಿಂದ ಕಳಿಸಿದ್ದ ಆ ಕಪ್ಪು ಚಟ್ನಿಯ ಡಬ್ಬಿಯನ್ನು ನಾನು ಎತ್ತರದ ಹಲಗೆಯ ಮೇಲಿಟ್ಟೆ. ಚಟ್ನಿ ನಿಲ್ಲಿಸಿದೆವು, ಔಷಧ ನಿಲ್ಲಿಸಲಿಲ್ಲ. ಚಟ್ನಿ ಬಿಟ್ಟರೂ ಕಪ್ಪು ಹೋಗಲಿಲ್ಲ ಎಂಬುದನ್ನು ಆಕೆ ಕೊನೆಯ ದಿನದವರೆಗೂ ಯಾರಿಗೂ ಹೇಳಲಿಲ್ಲ. ಅಂಥ ಮಾತನ್ನು ಎರಡನೆಯ ಸಲ ಆಡಲು ನಾಚಿಕೆ.

ಕೊನೆಯ ದಿನ ಆಕೆಯನ್ನು ಒಯ್ದ ದೊಡ್ಡ ಆಸ್ಪತ್ರೆಯ ಡಾಕ್ಟರರು ನಿಂತ ನಿಲುವಿನಲ್ಲೇ ಹೇಳಿದರು: ಹೊಟ್ಟೆಯಲ್ಲಿ ಹುಣ್ಣು, ಕಪ್ಪಾಗಿ ಹೋದದ್ದು ರಕ್ತ, ಸೋಡಾ ಉರಿಯನ್ನು ಅಡಗಿಸುತ್ತದೆ, ಹುಣ್ಣನ್ನು ಮಾಯಿಸುವುದಿಲ್ಲ. ಇಷ್ಟು ಹೇಳುವಷ್ಟು ಹೊತ್ತು ತಮ್ಮ ಕಿಟಕಿಯಲ್ಲಿ ನಾಲ್ಕು ವರ್ಷಗಳಲ್ಲಿ ಸಿಗಲಿಲ್ಲವೇ? ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಇತ್ತು. ನಾನು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಅಕ್ಷರ ಕಲಿತವನು. ಕನ್ನಡ, ಮರಾಠಿ ಮಾತ್ರ ಬಲ್ಲೆ. ಆಕೆ ಹೋದ ಮೇಲೆ ಅದನ್ನು ಓದಿಸಿ ಕೇಳಿದೆ. 'ಕುಡಿಯುವ ಮುನ್ನ ಚೆನ್ನಾಗಿ ಅಲುಗಾಡಿಸಿ' ಎಂದಷ್ಟೇ ಇದೆಯಂತೆ.

ನನಗೆ ಸಿಟ್ಟು ಬರುತ್ತಿಲ್ಲ, ಅಳುವೂ ಬರುತ್ತಿಲ್ಲ. ಸೋಮವಾರ ಬಂದರೆ ಕೈ ತಾನಾಗಿ ಬಾಟಲಿ ತೊಳೆಯುತ್ತದೆ.

ನನ್ನ ಬೇಡಿಕೆ ಇದು. ಎರಡು ಬಾಟಲಿ ಮುಗಿದರೂ ಉರಿ ನಿಲ್ಲದಿದ್ದರೆ, ರೋಗಿಯನ್ನು ನೋಡದೆ ಮೂರನೆಯದನ್ನು ತುಂಬಿಸಬೇಡಿ. ಹೆಂಗಸರನ್ನು ಕೇಳಿ ತಿಳಿಯಲು ಒಬ್ಬ ನರ್ಸ್‌ಬಾಯಿಯನ್ನು ಇಡಿ. 'ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಬಾಟಲಿಯನ್ನಲ್ಲ, ರೋಗಿಯನ್ನು ಕರೆತನ್ನಿ' ಎಂದು ಕನ್ನಡ ಮರಾಠಿಗಳಲ್ಲಿ ಚೀಟಿ ಅಂಟಿಸಿ. ಆ ಚೀಟಿಯ ಮೊಳೆ ಜೋಡಿಸಿಟ್ಟಿದ್ದೇನೆ. ತಾವು ಹೂಂ ಅಂದರೆ ಅಚ್ಚಾಗುತ್ತದೆ. ಉತ್ತರಕ್ಕಾಗಿ ಬರುವ ಸೋಮವಾರ ಅದೇ ಕಿಟಕಿಯ ಮುಂದೆ ನಿಲ್ಲುತ್ತೇನೆ, ಬರಿಗೈಯಲ್ಲಿ.

ಇಂತಿ,
ದೊಡ್ಡ ಬಾಟಲಿ ತನ್ನಿ ಎಂದಾಗ ತಂದುಕೊಟ್ಟವನು,
ರಂಗೂಬಾಯಿಯ ಗಂಡ ಪ್ರಲ್ಹಾದ